ಅಳಿಸಬಾರದ ಕಿರ್ದಿಗೆ ಬಿಡಿ ಪರೀಕ್ಷೆ



ಲೆಕ್ಕದ ಕೆಲಸ ಕಲಿಯಲು ಬಂದ ಹುಡುಗನಿಗೆ ಹಿರಿಯ ಗುಮಾಸ್ತರು ಮೊದಲ ದಿನವೇ ಹೇಳುವ ಮಾತೊಂದುಂಟು. ಕಿರ್ದಿಯಲ್ಲಿ ತಪ್ಪು ಬಿದ್ದರೆ ಉಜ್ಜಿ ಅಳಿಸಬಾರದು, ಹಾಳೆ ಕೀಳಬಾರದು. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದ ಮೊಬಲಗನ್ನು ಮೇಲೆ ಬರೆದು, ಪಕ್ಕದಲ್ಲಿ ರುಜು ಮತ್ತು ತಾರೀಖು ಹಾಕಬೇಕು. ಇದರಿಂದ ಪುಸ್ತಕದ ಅಂದ ಕೆಡುವುದು ನಿಜ. ಆದರೆ ಮೊದಲು ಏನಿತ್ತು, ಆಮೇಲೆ ಏನಾಯಿತು, ಬದಲಿಸಿದವರು ಯಾರು, ಬದಲಿಸಿದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರ ಆ ಹಾಳೆಯಲ್ಲೇ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಬರೆದ ಲೆಕ್ಕಕ್ಕೆ ಈ ಗುಣ ತಾನಾಗಿ ಬರುವುದಿಲ್ಲ. 8 ಎಂದಿದ್ದುದನ್ನು 6 ಎಂದು ತಿದ್ದಿ ಉಳಿಸಿದರೆ ಹಳೆಯ 8 ಇತ್ತೆಂಬ ಗುರುತೂ ಕಾಣುವುದಿಲ್ಲ. ಹಾಳೆ ಬಹಳ ಅಂದವಾಗಿರುತ್ತದೆ, ನ್ಯಾಯ ಕೆಟ್ಟಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಗಿರಣಿಯಲ್ಲಿ ಹಾಜರಿ ಬರೆಯುತ್ತಿದ್ದೆ. ಅದರ ಹೆಸರು ಇಲ್ಲಿ ಬೇಡ. ತಿಂಗಳ ಕೊನೆಯಲ್ಲಿ ಯಾರೋ ಹಳೆಯ ಹಾಜರಿ ಕಡತವನ್ನು ಹೊಸದರ ಮೇಲೆಯೇ ಉಳಿಸಿಬಿಟ್ಟರು. ರಾಯಚೂರಿನ ಕಡೆಯಿಂದ ಬಂದು ಹಮಾಲಿ ಮಾಡುತ್ತಿದ್ದ ಹಿರಿಯರೊಬ್ಬರ 11 ದಿನಗಳ ದುಡಿಮೆ ಅದರೊಡನೆ ಹೋಯಿತು. ಅವರು ನನ್ನ ಮೇಜಿನ ಮುಂದೆ ನಿಂತು, “ಗುಮಾಸ್ತರೇ, ನೀವೇ ಬರಕೊಂಡಿದ್ರಲ್ಲಾ” ಎಂದರು. ಬರೆದುಕೊಂಡದ್ದು ನಿಜ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆ ಕೂಲಿ ಅವರಿಗೆ ಸಿಗಲಿಲ್ಲ. ಇಂದಿನ ಪಾಠಕ್ಕೆ ಮೂಲ ಆ 11 ದಿನಗಳು.

ಈಗ ನಮ್ಮ ವಾಚನಾಲಯದಲ್ಲಿ ಸದಸ್ಯರ ‘ದುಡಿಮೆಯ ದಿನಚರಿ’ಯನ್ನು ಇಡುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಯಾವ ದಿನ, ಯಾವ ಠೇಕೇದಾರನ ಬಳಿ, ಎಷ್ಟು ಗಂಟೆ, ಮುಂಗಡವೆಷ್ಟು, ಬಾಕಿಯೆಷ್ಟು ಎಂಬುದನ್ನು ಭಾನುವಾರ ಬಂದು ಬರೆಸುತ್ತೀರಿ. ಇದನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಓದುವ ಮಕ್ಕಳು ಮುಂದೆ ಬಂದಾಗ ನಾನು ಒಂದೇ ಷರತ್ತು ಹಾಕಿದೆ: ಹಳೆಯದು ಅಳಿಯಕೂಡದು, ಅಳಿಯುವುದಿಲ್ಲವೆಂದು ನನಗೆ ತೋರಿಸಿಕೊಡಬೇಕು. ಅವರು ತೋರಿಸಿಕೊಟ್ಟ ಬಗೆಯನ್ನೂ, ನಡುವೆ ಸಿಕ್ಕಿದ ಒಂದು ತಪ್ಪನ್ನೂ ಇಲ್ಲಿ ಪಾಠದಂತೆ ಬರೆದಿದ್ದೇನೆ. ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು. ನನಗೆ ಅರ್ಥವಾದ ಕಾರಣ ನಿಮಗೂ ಆಗುತ್ತದೆಂಬ ಧೈರ್ಯ.

1. ಆವೃತ್ತಿ ಕಾಯುವ ವ್ಯವಸ್ಥೆ

ಒಂದು ಕಡತವನ್ನು ತಿದ್ದಿದಾಗಲೆಲ್ಲ ಹಿಂದಿನ ರೂಪವನ್ನೂ ಹೊಸ ರೂಪವನ್ನೂ ಕ್ರಮವಾಗಿ ಜೋಡಿಸಿಟ್ಟು, ಬೇಕೆಂದಾಗ ಹಳೆಯದನ್ನು ತೆಗೆದುಕೊಡುವ ಪ್ರೋಗ್ರಾಮಿಗೆ ಆವೃತ್ತಿ ನಿಯಂತ್ರಣ ವ್ಯವಸ್ಥೆ ಎಂದು ಹೆಸರು. ಗೆರೆ ಎಳೆದು ರುಜು ಹಾಕುವ ನಮ್ಮ ಪದ್ಧತಿಯನ್ನು ಯಂತ್ರಕ್ಕೆ ಕಲಿಸಿದಂತೆ ಎಂದು ತಿಳಿದರೆ ಸಾಕು.

ಇದು ಮೊದಲು ಬಳಕೆಗೆ ಬಂದುದು ಪ್ರೋಗ್ರಾಮ್ ಬರೆಯುವವರಲ್ಲಿಯೇ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು 1972ರಲ್ಲಿ ಎಸ್‌ಸಿಸಿಎಸ್ ಎಂಬುದನ್ನು ರಚಿಸಿದರು. 1980ರ ದಶಕದಲ್ಲಿ ವಾಲ್ಟರ್ ಟಿಷಿಯವರ ಆರ್‌ಸಿಎಸ್ ಬಂದಿತು. ಇಂದು ಎಲ್ಲೆಡೆ ನಡೆಯುವ ‘ಗಿಟ್’ ಎಂಬುದು 2005ರ ಏಪ್ರಿಲ್‌ನಲ್ಲಿ ಹುಟ್ಟಿತು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟುತ್ತಿದ್ದವರು ಅದುವರೆಗೆ ಬಿಟ್‌ಕೀಪರ್ ಎಂಬ ಕಂಪನಿಯ ಸಾಧನವನ್ನು ಬಿಟ್ಟಿಯಾಗಿ ಬಳಸುತ್ತಿದ್ದರು. ಆ ಸೌಲಭ್ಯ ನಿಂತುಹೋಗಲು, ಲಿನಸ್ ಟೊರ್ವಾಲ್ಡ್ಸ್ ತಾವೇ ಕೂತು ಹೊಸದನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 7ರಂದು, ಗಿಟ್ ತನ್ನ ಕಡತಗಳನ್ನು ತಾನೇ ಕಾಯುವಷ್ಟಾಯಿತು. ಅದೇ ವರ್ಷ ಜುಲೈಯಲ್ಲಿ ಅದರ ಉಸ್ತುವಾರಿ ಜುನಿಯೊ ಹಮಾನೊ ಎಂಬವರಿಗೆ ಹೋಯಿತು.

ಇದರ ಒಳಗುಟ್ಟು ಕಲಿಯಲು ಒಳ್ಳೆಯ ಮಾರ್ಗವೆಂದರೆ ಚಿಕ್ಕದೊಂದನ್ನು ಸ್ವತಃ ಕಟ್ಟಿ ನೋಡುವುದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘61ಬಿ’ ಎಂಬ ತರಗತಿಯ ವಿದ್ಯಾರ್ಥಿಗಳಿಗೆ ‘ಗಿಟ್ಲೆಟ್’ ಎಂಬ ಹೆಸರಿನಲ್ಲಿ ಈ ಕೆಲಸವನ್ನೇ ಅಭ್ಯಾಸವಾಗಿ ಕೊಡುತ್ತಿದ್ದರು. ಹೊಸ ಭಂಡಾರ ತೆರೆಯುವುದು, ಕಡತ ಸೇರಿಸುವುದು, ರುಜು ಹಾಕಿ ಉಳಿಸುವುದು, ಚರಿತ್ರೆ ತೋರಿಸುವುದು, ಹಳೆಯದನ್ನು ಹೊರತೆಗೆಯುವುದು, ಕವಲೊಡೆಸುವುದು, ಕವಲುಗಳನ್ನು ಕೂಡಿಸುವುದು ಇವೆಲ್ಲ ಅದರಲ್ಲುಂಟು. ನಮ್ಮ ಮಕ್ಕಳು ಆ ಅಭ್ಯಾಸದ ವಿವರವನ್ನು ಓದಿ, ನಮಗೆ ಬೇಕಾದಷ್ಟನ್ನು ಮಾತ್ರ ಪೈಥಾನ್ ಎಂಬ ಭಾಷೆಯಲ್ಲಿ ಬರೆದರು. ಕವಲುಗಳನ್ನು ಬಿಟ್ಟರು, ನಮ್ಮ ದಿನಚರಿಗೆ ಅದು ಬೇಡ.

ಅದು ಕೆಲಸ ಮಾಡುವ ಕ್ರಮ ಹೀಗಿದೆ. ದಿನಚರಿಯ ಕಡತವನ್ನು ಕೊಟ್ಟಾಗ ಪ್ರೋಗ್ರಾಮ್ ಅದರ ಒಳಗಿರುವುದೆಲ್ಲವನ್ನೂ ಒಂದು ಗಣಿತ ಸೂತ್ರದಲ್ಲಿ ಹಾಯಿಸಿ 64 ಅಂಕಾಕ್ಷರಗಳ ಒಂದು ಗುರುತನ್ನು ಪಡೆಯುತ್ತದೆ. ಸೂತ್ರದ ಹೆಸರು ಶಾ-256. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಆ ಗುರುತಿನ ಹೆಸರಿನಲ್ಲಿ ಕಡತದ ಪ್ರತಿಯನ್ನು ಭಂಡಾರದಲ್ಲಿ ಇಡುತ್ತದೆ. ಬಳಿಕ ಒಂದು ರುಜು ಚೀಟಿ ಬರೆಯುತ್ತದೆ: ಯಾವ ಪ್ರತಿ, ಯಾರು ಉಳಿಸಿದರು, ಯಾವಾಗ, ಏಕೆ, ಮತ್ತು ಇದರ ಹಿಂದಿನ ಚೀಟಿ ಯಾವುದು. ಹೀಗೆ ಚೀಟಿಯಿಂದ ಚೀಟಿಗೆ ಹಿಡಿದು ಹಿಂದೆ ಹೋದರೆ ಮೊದಲ ದಿನದವರೆಗೂ ತಲುಪಬಹುದು.

2. ಬಿಡಿ ಪರೀಕ್ಷೆ ಎಂದರೇನು

ಮದನಪುರದ ಓಣಿಗಳಲ್ಲಿ ಮಗ್ಗದ ಸದ್ದು ಕೇಳಿಕೊಂಡೇ ನಮ್ಮಲ್ಲಿ ಹಲವರು ಕೆಲಸಕ್ಕೆ ಹೋಗುತ್ತೇವೆ. ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ಕಾರ್ಡುಗಳ ಮಾಲೆ ತೂಗುತ್ತಿರುವುದನ್ನು ನೋಡಿದ್ದೀರಿ. ಒಂದೊಂದು ಕಾರ್ಡೂ ಒಂದೊಂದು ಹೊಕ್ಕಿನ ಎಳೆಗೆ ಯಾವ ಹಾಸಿನ ಎಳೆಗಳು ಮೇಲೇಳಬೇಕೆಂದು ಹೇಳುತ್ತದೆ. ಒಂದು ತೂತು ತಪ್ಪಿದರೂ ಸೀರೆಯುದ್ದಕ್ಕೂ, ಬಳ್ಳಿ ಮರುಕಳಿಸಿದ ಕಡೆಯಲ್ಲೆಲ್ಲ, ಅದೇ ತಪ್ಪು ಮರುಕಳಿಸುತ್ತದೆ. ಸೀರೆ ಮುಗಿದ ಮೇಲೆ ನೋಡುವುದಕ್ಕಿಂತ ಕಾರ್ಡೊಂದೊಂದನ್ನೇ ನಕ್ಷೆಯೊಡನೆ ತಾಳೆ ನೋಡುವುದು ಜಾಣತನ. ಪ್ರೋಗ್ರಾಮಿನಲ್ಲಿಯೂ ಹಾಗೆಯೇ. ಇಡೀ ಪ್ರೋಗ್ರಾಮನ್ನು ಒಮ್ಮೆಲೇ ಓಡಿಸಿ ‘ಸರಿಯಾಗಿದೆ’ ಎನ್ನುವ ಬದಲು, ಅದರ ಒಂದೊಂದು ಚಿಕ್ಕ ಭಾಗವನ್ನೂ ಬೇರೆಯಾಗಿ ತೆಗೆದು, ಇಂಥದು ಕೊಟ್ಟರೆ ಇಂಥದೇ ಬರಬೇಕೆಂದು ಮೊದಲೇ ಬರೆದಿಟ್ಟು, ಬಂದುದರೊಡನೆ ತಾಳೆ ನೋಡುವುದಕ್ಕೆ ಯೂನಿಟ್ ಟೆಸ್ಟ್ ಎನ್ನುತ್ತಾರೆ. ನಾವು ‘ಬಿಡಿ ಪರೀಕ್ಷೆ’ ಎನ್ನೋಣ.

ಈ ತಾಳೆ ನೋಡುವ ಕೆಲಸವನ್ನೂ ಮನುಷ್ಯ ಮಾಡಬೇಕಿಲ್ಲ; ಇನ್ನೊಂದು ಚಿಕ್ಕ ಪ್ರೋಗ್ರಾಮ್ ಮಾಡುತ್ತದೆ. ಕೆಂಟ್ ಬೆಕ್ ಎಂಬವರು ಸ್ಮಾಲ್‌ಟಾಕ್ ಭಾಷೆಗಾಗಿ ಇಂಥದೊಂದು ಸಾಧನ ಮಾಡಿಕೊಂಡಿದ್ದರು. 1997ರಲ್ಲಿ ಅವರೂ ಎರಿಕ್ ಗಾಮಾ ಎಂಬವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುವಾಗ ಜಾವಾ ಭಾಷೆಗೂ ಒಂದನ್ನು ಬರೆದರು, ಅದೇ ಜೆಯೂನಿಟ್. ಪೈಥಾನ್ ಭಾಷೆಯಲ್ಲಿ 2001ರಿಂದ ‘ಯೂನಿಟ್‌ಟೆಸ್ಟ್’ ಎಂಬ ಸಾಧನ ಭಾಷೆಯೊಡನೆಯೇ ಬರುತ್ತದೆ. ನಮ್ಮ ಮಕ್ಕಳು ಬಳಸಿದ್ದು ಇದನ್ನೇ. ಪರೀಕ್ಷೆ ಗೆದ್ದರೆ ಹಸಿರು, ಸೋತರೆ ಕೆಂಪು ಎಂದು ಪರದೆಯ ಮೇಲೆ ಕಾಣುವಂತೆ ಮಾಡಿಕೊಂಡರು.

ಪ್ರತಿಯೊಂದು ಪರೀಕ್ಷೆಗೂ ಮೂರು ಅಂಗಗಳು:

ಮೊದಲನೆಯದು ಸಿದ್ಧತೆ. ಹೊಸ ಖಾಲಿ ಫೋಲ್ಡರ್ ತೆರೆದು, ಬೇಕಾದ ಕಡತ ಬರೆದಿಡುವುದು.

ಎರಡನೆಯದು ಕ್ರಿಯೆ. ಪರೀಕ್ಷಿಸಬೇಕಾದ ಒಂದೇ ಒಂದು ಕೆಲಸ ಮಾಡಿಸುವುದು.

ಮೂರನೆಯದು ತಾಳೆ. ಬರಬೇಕಾದುದು ಬಂದಿತೋ ಇಲ್ಲವೋ ಎಂದು ನೋಡುವುದು.

ಒಂದು ಪರೀಕ್ಷೆಯಲ್ಲಿ ಹತ್ತು ಸಂಗತಿ ತುರುಕಬಾರದು. ತುರುಕಿದರೆ ಕೆಂಪು ಬಂದಾಗ ಹತ್ತರಲ್ಲಿ ಯಾವುದು ತಪ್ಪಿತೆಂದು ಹುಡುಕುತ್ತ ಕೂರಬೇಕಾಗುತ್ತದೆ.

3. ನಮ್ಮ ದಿನಚರಿಗೆ ಬರೆದ ಪರೀಕ್ಷೆಗಳು

ಮಕ್ಕಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಣ್ಣಾ, ನಿಮ್ಮ ಕಿರ್ದಿ ಪುಸ್ತಕಕ್ಕೆ ಇರುವ ನಿಯಮಗಳನ್ನೆಲ್ಲ ಹೇಳಿ, ಒಂದೊಂದಕ್ಕೂ ಒಂದು ಪರೀಕ್ಷೆ ಬರೆಯುತ್ತೇವೆ” ಎಂದರು. ಹಾಗೆ ಬರೆದವುಗಳಲ್ಲಿ ಮುಖ್ಯವಾದವು ಇವು.

(ಅ) ಇಟ್ಟದ್ದನ್ನು ಹಾಗೆಯೇ ಕೊಡಬೇಕು. ಒಂದು ಕಡತ ಉಳಿಸಿ, ಕೂಡಲೇ ಹೊರತೆಗೆದರೆ ಎರಡೂ ಒಂದೇ ಆಗಿರಬೇಕು.

(ಆ) ಹೊಸದು ಬಂದರೂ ಹಳೆಯದು ಉಳಿಯಬೇಕು. 8 ಗಂಟೆ ಎಂದು ಬರೆದು ಉಳಿಸಿ, 6 ಎಂದು ತಿದ್ದಿ ಉಳಿಸಿ, ಮೊದಲನೆಯ ಚೀಟಿ ಕೇಳಿದರೆ 8 ಬರಬೇಕು. 8 ತೆಗೆದ ಮಾತ್ರಕ್ಕೆ 6 ಇದ್ದ ಚೀಟಿ ಚರಿತ್ರೆಯಿಂದ ಮಾಯವಾಗಬಾರದು.

(ಇ) ಬದಲಾವಣೆ ಇಲ್ಲದೆ ರುಜು ಇಲ್ಲ. ಏನೂ ತಿದ್ದದೆ ಮತ್ತೆ ಉಳಿಸಲು ಹೋದರೆ ‘ಬದಲಾವಣೆ ಇಲ್ಲ’ ಎಂದು ನಿರಾಕರಿಸಬೇಕು. ಕಾರಣ ಬರೆಯದೆ ಉಳಿಸಲು ಹೋದರೂ ನಿರಾಕರಿಸಬೇಕು. ಇವೆರಡೂ ಗಿಟ್ಲೆಟ್‌ನಲ್ಲಿಯೂ ಇರುವ ನಿಯಮಗಳೇ.

(ಈ) ಇಲ್ಲದ್ದನ್ನು ಕೇಳಿದರೆ ಇರುವುದನ್ನು ಕೆಡಿಸಬಾರದು. ತಪ್ಪು ಗುರುತು ಕೊಟ್ಟು ಹಳೆಯ ಪ್ರತಿ ಕೇಳಿದರೆ ‘ಅಂಥ ಚೀಟಿ ಇಲ್ಲ’ ಎನ್ನಬೇಕು. ಅಷ್ಟೇ ಅಲ್ಲ, ಈಗ ತೆರೆದಿರುವ ಕಡತ ಒಂದಿಷ್ಟೂ ಬದಲಾಗದೆ ಇರಬೇಕು.

(ಉ) ಖಾಲಿ ಕಡತವೂ ಕಡತವೇ. ಹೊಸ ಸದಸ್ಯರ ದಿನಚರಿ ಮೊದಲ ದಿನ ಖಾಲಿ ಇರುತ್ತದೆ. ಅದನ್ನೂ ಇಟ್ಟು ತೆಗೆಯಲು ಬರಬೇಕು.

ಇವುಗಳಲ್ಲಿ (ಇ) ಮತ್ತು (ಈ) ಹೆಚ್ಚು ಬೆಲೆಯುಳ್ಳವೆಂದು ನನ್ನ ಅಭಿಪ್ರಾಯ. ಯಂತ್ರ ‘ಹೂಂ’ ಎನ್ನುವುದನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಎಲ್ಲಿ ‘ಊಹೂಂ’ ಎನ್ನಬೇಕೋ ಅಲ್ಲಿ ಎನ್ನುತ್ತದೆಯೇ ಎಂಬುದನ್ನು ನೋಡುವವರು ಕಡಮೆ.

4. ಹಸಿರಿನ ಹಿಂದೆ ಅಡಗಿದ್ದ ತಪ್ಪು

ಎಲ್ಲಾ ಪರೀಕ್ಷೆಗಳೂ ಹಸಿರು ತೋರಿದವು. ಮಕ್ಕಳಿಗೆ ಸಂತೋಷವಾಯಿತು. ಮುಂದಿನ ಭಾನುವಾರದಿಂದಲೇ ನಿಜವಾದ ದಿನಚರಿ ಏರಿಸೋಣವೆಂದರು. ನಾನು ಪರದೆಯನ್ನು ನೋಡುತ್ತಿದ್ದೆ. ಪರೀಕ್ಷೆಯ ಕಡತಗಳಲ್ಲೆಲ್ಲ ಇಂಗ್ಲಿಷಿನ ‘ಹಲೋ’, ‘ಟೆಸ್ಟ್’ ಇಂಥ ಪದಗಳೇ ಇದ್ದವು.

“ತಂಗೀ, ನಮ್ಮ ದಿನಚರಿ ಕನ್ನಡದಲ್ಲಿ ಇರುತ್ತದಲ್ಲಾ, ಕನ್ನಡ ಹಾಕಿ ನೋಡಿದಿರಾ?” ಎಂದು ಕೇಳಿದೆ.

“ಅಕ್ಷರ ಯಾವುದಾದರೇನು ಅಣ್ಣಾ, ಕಂಪ್ಯೂಟರಿಗೆ ಎಲ್ಲ ಒಂದೇ” ಎಂದಳು ಬಿ.ಎಸ್‌ಸಿ. ಓದುವ ಹುಡುಗಿ. ಆದರೂ ನನ್ನ ಸಮಾಧಾನಕ್ಕೆಂದು (ಅ) ಪರೀಕ್ಷೆಯಲ್ಲಿ ‘ಹಲೋ’ ತೆಗೆದು ‘ಕೂಲಿ 8’ ಎಂದು ಬರೆದಳು.

ಕೆಂಪು ಬಂದಿತು.

ಇಟ್ಟದ್ದು ‘ಕೂಲಿ 8’. ತೆಗೆದಾಗ ಬಂದದ್ದು ‘ಕೂ’. ಅಷ್ಟೇ. ಉಳಿದದ್ದು ಇಲ್ಲ.

ಕಾರಣವನ್ನು ನಿಧಾನವಾಗಿ ತಿಳಿಯಬೇಕು. ಈ ಪಾಠದ ತಿರುಳು ಇಲ್ಲಿಯೇ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಮನೆಗಳಲ್ಲಿ ಇಡುತ್ತದೆ. ಇಂದು ಸಾಮಾನ್ಯವಾಗಿ ನಡೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ, ಅಂಕಿಗೆ, ಖಾಲಿ ಜಾಗಕ್ಕೆ ಒಂದೊಂದು ಮನೆ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಮನೆ ಬೇಕು. ಅದೂ ನಾವು ಎಣಿಸುವ ಅಕ್ಷರಕ್ಕಲ್ಲ, ಚಿಹ್ನೆಗೆ. ‘ಕೂ’ ಎಂಬುದು ನಮಗೆ ಒಂದಕ್ಷರ. ಯಂತ್ರಕ್ಕೆ ಕಕಾರ ಒಂದು, ಊಕಾರದ ಕೊಂಬು ಇನ್ನೊಂದು, ಒಟ್ಟು ಎರಡು ಚಿಹ್ನೆ, ಆರು ಮನೆ. ‘ಕ್ಷ’ ಎಂಬ ಒಂದಕ್ಷರಕ್ಕೆ ಕಕಾರ, ವಿರಾಮ ಚಿಹ್ನೆ, ಷಕಾರ ಎಂದು ಮೂರು ಚಿಹ್ನೆ, ಒಂಬತ್ತು ಮನೆ.

ಈಗ ‘ಕೂಲಿ 8’ ಎಣಿಸಿ. ‘ಕೂ’ ಎರಡು, ‘ಲಿ’ ಎರಡು, ಖಾಲಿ ಜಾಗ ಒಂದು, ಅಂಕಿ ಒಂದು: ಒಟ್ಟು 6 ಚಿಹ್ನೆಗಳು. ಮನೆಗಳಾದರೋ ಕನ್ನಡದ ನಾಲ್ಕು ಚಿಹ್ನೆಗೆ 12, ಉಳಿದವಕ್ಕೆ 2: ಒಟ್ಟು 14.

ಮಕ್ಕಳು ಗಿಟ್‌ನ ಕ್ರಮವನ್ನು ಅನುಸರಿಸಿ, ಪ್ರತಿಯೊಂದು ಕಡತದ ತಲೆಯ ಮೇಲೆ ಅದರ ಉದ್ದವನ್ನು ಬರೆದಿಡುತ್ತಿದ್ದರು. ಹೊರತೆಗೆಯುವಾಗ ಆ ಉದ್ದವನ್ನು ಓದಿ, ಅಷ್ಟೇ ಮನೆಗಳನ್ನು ತೆಗೆದುಕೊಡುವುದು. ಗಿಟ್ ಅಲ್ಲಿ ಬರೆಯುವುದು ಮನೆಗಳ ಲೆಕ್ಕ. ನಮ್ಮ ಮಕ್ಕಳು ಬರೆದದ್ದು ಚಿಹ್ನೆಗಳ ಲೆಕ್ಕ. ‘ಹಲೋ’ ಎಂಬ ಇಂಗ್ಲಿಷ್ ಪದದಲ್ಲಿ 5 ಅಕ್ಷರ, 5 ಮನೆ. ಎರಡು ಲೆಕ್ಕವೂ ಒಂದೇ ಆದುದರಿಂದ ತಪ್ಪು ಕಾಣಲಿಲ್ಲ. ‘ಕೂಲಿ 8’ರ ತಲೆಯ ಮೇಲೆ 6 ಎಂದು ಬಿತ್ತು, ಯಂತ್ರ 14ರಲ್ಲಿ 6 ಮನೆ ತೆಗೆದುಕೊಟ್ಟಿತು. ಆರು ಮನೆಗೆ ಸರಿಯಾಗಿ ‘ಕೂ’ ಮುಗಿಯುತ್ತದೆ. ಬೇರೆ ಪದವಾಗಿದ್ದರೆ ಒಡೆದ ಅಕ್ಷರವಾದರೂ ಕಂಡು ಅನುಮಾನ ಬರುತ್ತಿತ್ತು. ಇಲ್ಲಿ ಅದೂ ಇಲ್ಲ, ನಯವಾಗಿ ಕತ್ತರಿಸಿತ್ತು.

ಈ ತಪ್ಪು ಉಳಿದುಕೊಂಡು ನಿಜವಾದ ದಿನಚರಿ ಏರಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಕನ್ನಡದಲ್ಲಿ ಬರೆದ ಒಂದು ತಿಂಗಳ ದಿನಚರಿಯ ಮೊದಲ ಭಾಗ ಮಾತ್ರ ಹಿಂದಿರುಗುತ್ತಿತ್ತು. ತಿಂಗಳ ಕೊನೆಯ ದಿನಗಳು ಹೋಗುತ್ತಿದ್ದವು. ಬಾಕಿ ಎಷ್ಟೆಂದು ಬರೆಯುವುದು ಆ ಕೊನೆಯಲ್ಲಿಯೇ. ಅಂದರೆ ಆ 11 ದಿನಗಳನ್ನು ಉಳಿಸಿಕೊಳ್ಳಲು ಕಟ್ಟಿದ ಪೆಟ್ಟಿಗೆಯೇ ಇನ್ನಷ್ಟು ದಿನಗಳನ್ನು ನುಂಗುತ್ತಿತ್ತು. ಇಂಗ್ಲಿಷಿನಲ್ಲಿ ಬರೆಸುವವರಿಗೆ ಏನೂ ಆಗುತ್ತಿರಲಿಲ್ಲ. ಕನ್ನಡ ಮಾತ್ರ ಬಲ್ಲ ಕೂಲಿಯವರ ಪುಟವೇ ಕತ್ತರಿಸಿಹೋಗುತ್ತಿತ್ತು.

ತಿದ್ದಿದ್ದು ಒಂದೇ ಸಾಲು. ಆ ಹುಡುಗಿ ತಪ್ಪನ್ನು ಮುಚ್ಚಿಡಲಿಲ್ಲ. ‘ಕೂಲಿ 8’ ಪರೀಕ್ಷೆಯನ್ನು ಪಟ್ಟಿಯಲ್ಲಿ ಶಾಶ್ವತವಾಗಿ ಸೇರಿಸಿ, ಏಕೆ ಸೇರಿಸಿದೆನೆಂದು ಪಕ್ಕದಲ್ಲಿ ಬರೆದಳು. ಇದು ಒಳ್ಳೆಯ ರೂಢಿ. ಸಿಕ್ಕಿದ ತಪ್ಪಿಗೆಲ್ಲ ಒಂದೊಂದು ಪರೀಕ್ಷೆ ಕಾವಲಿಟ್ಟರೆ ಅದೇ ತಪ್ಪು ಮತ್ತೆ ಕದ್ದು ಬರಲಾರದು.

ಕನ್ನಡಕ್ಕೆ ಸಂಬಂಧಪಟ್ಟ ಇನ್ನೊಂದು ಸೂಕ್ಷ್ಮವೂ ಇದೆ. ‘ಕೋಲಾರ’ದ ‘ಕೋ’ ಎಂಬುದನ್ನು ಕಕಾರದ ಮೇಲೆ ಓಕಾರದ ಒಂದೇ ಚಿಹ್ನೆ ಇಟ್ಟು ಬರೆಯಬಹುದು. ಒಕಾರ ಇಟ್ಟು ಅದರ ಮುಂದೆ ದೀರ್ಘವನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಬ್ಬರು ಒಂದು ಕೀಲಿಮಣೆಯಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ ಬರೆದರೆ, ಊರಿನ ಹೆಸರು ಹುಡುಕಿದಾಗ ಅರ್ಧ ಜನ ಸಿಗುವುದಿಲ್ಲ. ಇದಕ್ಕೆ ಎರಡು ಪರೀಕ್ಷೆ ಬರೆದೆವು. ಉಳಿಸುವಾಗ ಬರೆದವರು ಬರೆದಂತೆಯೇ ಇರಬೇಕು, ಯಂತ್ರ ತಿದ್ದಬಾರದು. ಹುಡುಕುವಾಗ ಮಾತ್ರ ಎರಡನ್ನೂ ಒಂದೇ ಎಂದು ಎಣಿಸಬೇಕು.

5. ಪರೀಕ್ಷೆಯನ್ನೇ ಪರೀಕ್ಷಿಸುವುದು

ಈ ಘಟನೆಯ ಬಳಿಕ ಹಸಿರು ಕಂಡ ಮಾತ್ರಕ್ಕೆ ನಂಬುವುದನ್ನು ಬಿಟ್ಟೆವು. ಸೋಲಲಾರದ ಪರೀಕ್ಷೆ ಪರೀಕ್ಷೆಯಲ್ಲ. ಆದುದರಿಂದ ಒಂದು ಸಂಜೆ ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ ನೋಡಿದೆವು. ಹಳೆಯ ಪ್ರತಿಯನ್ನು ಅಳಿಸುವಂತೆ ಒಂದು ಸಾಲು ತಿದ್ದಿದಾಗ (ಆ) ಕೆಂಪಾಯಿತು; ಸರಿ. ‘ಬದಲಾವಣೆ ಇಲ್ಲ’ ಎಂಬ ನಿರಾಕರಣೆಯನ್ನು ತೆಗೆದಾಗ (ಇ) ಕೆಂಪಾಯಿತು, ಅದೂ ಸರಿ. ಆದರೆ ರುಜು ಚೀಟಿಯಲ್ಲಿ ‘ಹಿಂದಿನ ಚೀಟಿ ಯಾವುದು’ ಎಂಬ ಸಾಲನ್ನೇ ತೆಗೆದುಹಾಕಿದರೂ ಎಲ್ಲವೂ ಹಸಿರಾಗಿಯೇ ಇತ್ತು! ಸರಪಳಿ ಕಡಿದುಹೋದರೂ ಕೂಗುವವರು ಯಾರೂ ಇರಲಿಲ್ಲ. ಮೂರು ಸಲ ಉಳಿಸಿ, ಕೊನೆಯ ಚೀಟಿಯಿಂದ ಹಿಂದೆ ನಡೆದರೆ ಮೂರೂ ಸಿಗಬೇಕು, ಅದೇ ಕ್ರಮದಲ್ಲಿ ಸಿಗಬೇಕು ಎಂಬ ಹೊಸ ಪರೀಕ್ಷೆ ಆ ಸಂಜೆಯೇ ಸೇರಿತು.

ಪರೀಕ್ಷೆಗಳು ಒಂದರ ಹೆಗಲ ಮೇಲೆ ಒಂದು ಕೂರಬಾರದೆಂಬುದನ್ನೂ ಆಗಲೇ ಕಲಿತೆವು. ಒಂದು ಪರೀಕ್ಷೆ ಅದರ ಹಿಂದಿನದು ಬಿಟ್ಟುಹೋದ ಕಡತವನ್ನು ನೆಚ್ಚಿಕೊಂಡಿತ್ತು. ಸಾಲಾಗಿ ಓಡಿಸಿದರೆ ಗೆಲ್ಲುತ್ತಿತ್ತು. ಒಂಟಿಯಾಗಿ ಓಡಿಸಿದರೆ ಸೋಲುತ್ತಿತ್ತು. ಈಗ ಪ್ರತಿಯೊಂದಕ್ಕೂ ಹೊಸ ಫೋಲ್ಡರ್. ಮುಗಿದ ಮೇಲೆ ಅದನ್ನು ಗುಡಿಸಿ ಹಾಕುವುದು.

ಬೇರೆ ಜಾಗ ಬೇಕೆಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಸ್ಥೆಯವರೂ ಗೂಗಲ್‌ನವರೂ ಸೇರಿ, ಶಾ-1 ಎಂಬ ಹಳೆಯ ಸೂತ್ರದಲ್ಲಿ ಒಂದೇ ಗುರುತು ಬರುವ ಎರಡು ಬೇರೆ ಬೇರೆ ಕಡತಗಳನ್ನು ಸೃಷ್ಟಿಸಿ ತೋರಿಸಿದರು. ವೆಬ್‌ಕಿಟ್ ಎಂಬ ಪ್ರಸಿದ್ಧ ಯೋಜನೆಯವರು ಆ ಎರಡು ಕಡತಗಳನ್ನು ಒಂದು ಪರೀಕ್ಷೆಗಾಗಿ ತಮ್ಮ ಆವೃತ್ತಿ ಭಂಡಾರಕ್ಕೇ ಸೇರಿಸಿದರು. ಆ ಭಂಡಾರವನ್ನು ಕಾಯುತ್ತಿದ್ದ ಸಬ್‌ವರ್ಷನ್ ವ್ಯವಸ್ಥೆ ಎರಡನ್ನೂ ಒಂದೇ ಎಂದು ಬಗೆದು ತೊಡಕಿಗೆ ಸಿಕ್ಕಿತು. ಪರೀಕ್ಷೆಯೇ ಭಂಡಾರವನ್ನು ಕೆಡಿಸಿದಂತಾಯಿತು. ಹಾಲು ಕಾಯಿಸುವ ಪಾತ್ರೆಯಲ್ಲಿ ಹುಳಿ ಹಿಂಡಿ ಪರೀಕ್ಷಿಸಬಾರದು. ನಿಜವಾದ ದಿನಚರಿ ಇರುವ ಫೋಲ್ಡರಿನ ಕಡೆಗೆ ನಮ್ಮ ಪರೀಕ್ಷೆಗಳು ತಲೆಹಾಕಿಯೂ ನೋಡುವುದಿಲ್ಲ. ನಾವು ಶಾ-1 ಬಿಟ್ಟು ಶಾ-256 ಹಿಡಿದದ್ದಕ್ಕೂ ಈ ಕಥೆಯೇ ಕಾರಣ.

6. ಗಡಿಯಾರದ ತೊಡಕು

ಗಿಟ್ಲೆಟ್ ಅಭ್ಯಾಸದಲ್ಲಿ ಎಲ್ಲ ಭಂಡಾರಗಳ ಮೊದಲ ಚೀಟಿಗೂ ಒಂದೇ ತಾರೀಖು ಹಾಕಬೇಕೆಂದಿದೆ: 1970ನೆಯ ಜನವರಿ 1, ವಿಶ್ವಮಾನ ಕಾಲದ ಪ್ರಕಾರ ಸೊನ್ನೆ ಗಂಟೆ. ಕಂಪ್ಯೂಟರುಗಳು ಕಾಲವನ್ನು ಎಣಿಸಲು ತೊಡಗುವ ಕ್ಷಣ ಅದು. ಇದನ್ನು ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ ಬರೆದರೆ 1969ನೆಯ ಡಿಸೆಂಬರ್ 31, ಸಂಜೆ 4 ಗಂಟೆ. ನಮ್ಮಲ್ಲಿ 1970ನೆಯ ಜನವರಿ 1, ಬೆಳಗಿನ 5 ಗಂಟೆ 30 ನಿಮಿಷ. ಮಕ್ಕಳು ಅಲ್ಲಿಯ ಮಾದರಿಯನ್ನು ನೋಡಿ ‘ಡಿಸೆಂಬರ್ 31’ ಬರಬೇಕೆಂದು ಪರೀಕ್ಷೆ ಬರೆದಿದ್ದರು. ಕಾಶಿಯಲ್ಲಿ ಅದು ಸೋತಿತು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ, ಪರೀಕ್ಷೆಯಲ್ಲಿತ್ತು.

ಭಾರತದ ಕಾಲಮಾನಕ್ಕೆ ಆಧಾರವಾದ 82.5 ಡಿಗ್ರಿ ರೇಖೆ ನಮ್ಮ ನೆರೆಯ ಮಿರ್ಜಾಪುರದ ಬಳಿಯೇ ಹಾದುಹೋಗುತ್ತದೆ. ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಇಷ್ಟು ಹತ್ತಿರವಿದ್ದೂ ಮರೆತಿದ್ದೆವು. ರಾತ್ರಿ ಪಾಳಿಯವರ ದಿನಚರಿಗೆ ಇದು ಮುಖ್ಯ. ನಮ್ಮಲ್ಲಿ ಬೆಳಗಿನ ಜಾವ 3 ಗಂಟೆಗೆ ಬರೆದದ್ದು ವಿಶ್ವಮಾನ ಕಾಲದಲ್ಲಿ ಹಿಂದಿನ ದಿನದ ರಾತ್ರಿ 9.30. ಹಾಗೆಯೇ ತೋರಿಸಿದರೆ ಇಂದಿನ ದುಡಿಮೆ ನಿನ್ನೆಯ ಖಾತೆಗೆ ಬೀಳುತ್ತದೆ. ಇದಕ್ಕೂ ಒಂದು ಪರೀಕ್ಷೆ ಇಟ್ಟಿದ್ದೇವೆ.

7. ಪರೀಕ್ಷೆಯಿಂದ ಆಗದ ಕೆಲಸ

ಎಷ್ಟು ಪರೀಕ್ಷೆ ಬರೆದರೂ ‘ಇನ್ನು ತಪ್ಪೇ ಇಲ್ಲ’ ಎಂದು ಹೇಳಲಾಗದು. ನೋಡಿದ ಜಾಗದಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೇ ಹೇಳಬಹುದು. ಮೂರು ಮಿತಿಗಳನ್ನು ನೆನಪಿಡಬೇಕು.

ಒಂದು, ನಾನು ನಿಮ್ಮ 8 ಗಂಟೆಯನ್ನು 6 ಎಂದು ತಪ್ಪಾಗಿ ಬರೆದುಕೊಂಡರೆ ಪ್ರೋಗ್ರಾಮ್ ಆ 6ನ್ನೇ ಬಲು ಶ್ರದ್ಧೆಯಿಂದ ಕಾಯುತ್ತದೆ. ಆದುದರಿಂದ ಬರೆಸಿದ ಮೇಲೆ ಓದಿಸಿ ಕೇಳದೆ ಯಾರೂ ಎದ್ದು ಹೋಗಬಾರದು. ಎರಡು, ಕಂಪ್ಯೂಟರೇ ಕೆಟ್ಟರೆ ಭಂಡಾರವೂ ಹೋಗುತ್ತದೆ. ಅದಕ್ಕೆಂದೇ ವಾರಕ್ಕೊಮ್ಮೆ ಪ್ರತಿ ತೆಗೆದು ಬೇರೆ ಮನೆಯಲ್ಲಿ ಇಡುತ್ತೇವೆ. ಮೂರು, ನಮ್ಮ ದಿನಚರಿ ಠೇಕೇದಾರನ ಪುಸ್ತಕಕ್ಕೆ ಬದಲಲ್ಲ. ಆದರೆ ಅವನ ಮುಂದೆ ನಿಂತು ಮಾತಾಡುವಾಗ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ. ಯಾವ ದಿನ ಬರೆಸಿದಿರಿ, ಆಮೇಲೆ ತಿದ್ದಿದ್ದುಂಟೇ ಎಂಬುದು ಕಾಗದದ ಮೇಲೆ ಇರುತ್ತದೆ.

ಅಭ್ಯಾಸ

1. ‘ಬಾಕಿ 5’ ಎಂಬುದರಲ್ಲಿ ಎಷ್ಟು ಚಿಹ್ನೆ, ಎಷ್ಟು ಮನೆ? ಹಳೆಯ ತಪ್ಪು ಪ್ರೋಗ್ರಾಮ್ ಇದರಲ್ಲಿ ಎಷ್ಟನ್ನು ಹಿಂದಿರುಗಿಸುತ್ತಿತ್ತು? (ಉತ್ತರ: 6 ಚಿಹ್ನೆ, 14 ಮನೆ, ‘ಬಾ’ ಮಾತ್ರ.)

2. ನೀವು ದಿನಾಲೂ ಮಾಡುವ ಒಂದು ಕೆಲಸ ತೆಗೆದುಕೊಳ್ಳಿ: ಚೀಲ ಎಣಿಸುವುದಾಗಲಿ, ಬಿಲ್ಲು ಬರೆಯುವುದಾಗಲಿ. ಅದು ಸರಿಯಾಗಿ ನಡೆಯಿತೆಂದು ತೋರಿಸುವ ಒಂದು ಪರೀಕ್ಷೆ, ನಿರಾಕರಿಸಬೇಕಾದ ಕಡೆ ನಿರಾಕರಿಸಿತೆಂದು ತೋರಿಸುವ ಒಂದು ಪರೀಕ್ಷೆ, ಹೀಗೆ ಎರಡನ್ನು ಮೂರಂಗಗಳಲ್ಲಿ ಬರೆದು ತನ್ನಿ.

3. ನಿಮ್ಮ ಹೆಸರಿನಲ್ಲಿ ಎಷ್ಟು ಅಕ್ಷರ, ಎಷ್ಟು ಚಿಹ್ನೆ, ಎಷ್ಟು ಮನೆ ಎಂದು ಎಣಿಸಿ. ಒತ್ತಕ್ಷರವಿದ್ದರೆ ವಿರಾಮ ಚಿಹ್ನೆಯನ್ನು ಮರೆಯಬೇಡಿ.

ಉತ್ತರಗಳನ್ನು ಭಾನುವಾರ ಸಂಜೆ ತಂದರೆ ಮಕ್ಕಳು ನೋಡಿ ತಿದ್ದಿಕೊಡುತ್ತಾರೆ. ಅಕ್ಷರ ಬಾರದವರೂ ಬರಬಹುದು. ಅವರು ತಮ್ಮ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಕು, ನಾವು ಬರೆದು ಪರೀಕ್ಷೆಗೆ ಹಾಕುತ್ತೇವೆ. ಈಗ ನಮ್ಮ ಪಟ್ಟಿಯಲ್ಲಿ ‘ಹಲೋ’ ಒಂದೂ ಉಳಿದಿಲ್ಲ. ಪರೀಕ್ಷೆಗಳಲ್ಲೆಲ್ಲ ಕೂಲಿ, ಬಾಕಿ, ಮುಂಗಡ, ಕೋಲಾರ, ರಾಯಚೂರು ಎಂಬ ಪದಗಳೇ ಇವೆ. ಯಾರ ದಿನಚರಿಯನ್ನು ಕಾಯಬೇಕೋ ಅವರ ಮಾತಿನಲ್ಲಿಯೇ ಪರೀಕ್ಷೆ ಇರಬೇಕೆಂಬುದು ನಾವು ಕಲಿತ ಪಾಠ.